ನೆಗ್ಗಲಿಹಾಳದ ವಸ್ತಿ ಬಸ್ಸು

ನೆಗ್ಗಲಿಹಾಳ
14 ಜೂನ್ 2024

ಮಕ್ತುಮ್ ಕಾಕಾರಿಗೆ,

ಕೈಬರಹ ನೋಡಿ ಯಾರದೆಂದು ನಿಮಗೆ ಗೊತ್ತಾಗಲಿಕ್ಕಿಲ್ಲ. ನಾನು ನಾಗವೇಣಿ. ಕುರಿ ಮಾಳಿಂಗಪ್ಪನ ಮಗಳು. ನಿಮ್ಮ ಬಸ್ಸಿನಲ್ಲಿ ಲಿಂಗಸುಗೂರಿನ ಕಾಲೇಜಿಗೆ ಹೋಗುತ್ತಿದ್ದ ಎರಡು ಜಡೆಯ ಹುಡುಗಿ. ನೀವು ನನ್ನನ್ನು ‘ಪ್ರಿನ್ಸಿಪಾಲ್ ಬಾಯಿ’ ಎಂದು ಕರೆಯುತ್ತಿದ್ದಿರಿ.

ಹೋದ ವಾರ ದಾರ, ಗುಂಡಿ ಕೊಳ್ಳಲು ಮಸ್ಕಿಗೆ ಹೋಗಿದ್ದೆ. ಈಗ ನಾನು ಮನೆಯಲ್ಲೇ ಹೊಲಿಗೆ ಕೆಲಸ ಮಾಡುತ್ತೇನೆ. ಅಂಗಡಿಯಲ್ಲಿ ಪಕ್ಕಕ್ಕೆ ನಿಂತಿದ್ದ ಹೆಣ್ಣುಮಗಳ ಮುಖ ಎಲ್ಲೋ ನೋಡಿದ ಹಾಗಿತ್ತು. ಮಾತಿಗೆ ಮಾತು ಬೆಳೆದಾಗ ಅವಳು ನಿಮ್ಮ ಮಗಳು ನಜಮಾ ಎಂದು ತಿಳಿಯಿತು. ನಿಮ್ಮ ಫೋನ್ ನಂಬರ್ ಕೇಳಿದೆ. “ನಂಬರ್ ಕೊಡ್ತೀನ್ರಿ, ಆದ್ರ ಅಬ್ಬಾಗ ಫೋನಿನ್ಯಾಗ ಏನೂ ಕೇಳಂಗಿಲ್ಲ. ಇಡೀ ಜನ್ಮ ಇಂಜಿನ್ ಬಾಜೂಕ ಕುಂತು ಕಿವಿ ಹೋಗ್ಯಾವ. ಕಾಗದ ಬರೀರಿ, ಚಷ್ಮಾ ಹಾಕ್ಕೊಂಡು ಓದ್ತಾರ” ಎಂದಳು. ಹಾಗಾಗಿ ಬರೆಯುತ್ತಿದ್ದೇನೆ.

ನಮ್ಮೂರ ವಸ್ತಿ ಬಸ್ಸು ನಿಮಗೆ ನೆನಪಿರಲೇಬೇಕು. ದೀಪ ಹಚ್ಚುವ ಹೊತ್ತಿಗೆ ಬಂದು, ರಾತ್ರಿ ಹನುಮಪ್ಪನ ಗುಡಿಯ ಮುಂದೆ ತಂಗಿ, ಬೆಳಗಾಗುತ್ತಲೇ ಲಿಂಗಸುಗೂರಿಗೆ ಹೊರಡುತ್ತಿತ್ತು. ನೀವು ಇಂಜಿನ್ ಶುರು ಮಾಡಿದರೆ ಇಡೀ ಊರಿಗೆ ಎಚ್ಚರವಾಗುತ್ತಿತ್ತು. ಅವ್ವ ಆ ಸಪ್ಪಳ ಕೇಳಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನ ಬುತ್ತಿ ಕಟ್ಟುತ್ತಿದ್ದಳು. ನಾನು ಎಸ್ಸೆಸ್ಸೆಲ್ಸಿ ಪಾಸಾದಾಗ ಅಪ್ಪ ಮುಂದೆ ಕಳಿಸುವುದಿಲ್ಲ ಎಂದಿದ್ದ. ಹೆಣ್ಣುಮಗಳು ಒಬ್ಬಳೇ ಅಷ್ಟು ದೂರ ಹೇಗೆ ಹೋದಾಳು ಎನ್ನುವುದೊಂದೇ ಅವನ ಮಾತು. ನೀವು ನಮ್ಮ ಕಟ್ಟೆಯ ಮೇಲೆ ಕೂತು ಮಜ್ಜಿಗೆ ಕುಡಿಯುತ್ತಿದ್ದವರು, “ಮಾಳಿಂಗಣ್ಣ, ಒಬ್ಬಾಕಿ ಎಲ್ಲಿ? ನನ್ನ ಬಸ್ಸಿನ್ಯಾಗ ಹತ್ತತಾಳ, ನನ್ನ ಬಸ್ಸಿನ್ಯಾಗ ಇಳೀತಾಳ. ನಾ ಅದೀನಲ್ಲ” ಎಂದಿರಿ. ಅಷ್ಟಕ್ಕೇ ಅಪ್ಪ ಒಪ್ಪಿಬಿಟ್ಟ. ನಮ್ಮೂರಿನಿಂದ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ಹುಡುಗಿ ನಾನು.

ಆ ಬಸ್ಸು ಈಗ ಇಲ್ಲ ಕಾಕಾ. ಕೊರೊನಾ ಕಾಲದಲ್ಲಿ ನಿಂತದ್ದು ಮತ್ತೆ ಬರಲೇ ಇಲ್ಲ. ಈ ವರ್ಷ ನನ್ನ ಮಗಳು ಮಮತಾ ಎಸ್ಸೆಸ್ಸೆಲ್ಸಿ ಪಾಸಾದಳು, ಫಸ್ಟ್ ಕ್ಲಾಸ್. ಲಿಂಗಸುಗೂರಿನಲ್ಲಿ ಸೈನ್ಸ್ ಓದಲು ಹೆಸರು ಹಚ್ಚಿದ್ದೇವೆ. ಆದರೆ ಬಸ್ಸು ಹಿಡಿಯಬೇಕೆಂದರೆ ಸಂತೆಕಲ್ಲೂರಿಗೆ ಹೋಗಬೇಕು. ಅಲ್ಲಿಯವರೆಗೆ ಜಾಲಿಗಿಡಗಳ ನಡುವೆ ನಡೆಯಬೇಕು, ಇಲ್ಲವೇ ಟಂಟಂ ಆಟೋ ತುಂಬುವವರೆಗೆ ಕೂರಬೇಕು. ಅದು ತುಂಬುವ ಹೊತ್ತಿಗೆ ಕಾಲೇಜಿನ ಎರಡು ಪಾಠ ಮುಗಿದಿರುತ್ತವೆ. ಹೆಣ್ಣುಮಕ್ಕಳಿಗೆ ಬಸ್ ಫ್ರೀ ಎಂದು ಬೋರ್ಡು ಹಾಕಿದ್ದಾರೆ. ನಮಗೆ ಟಿಕೆಟ್ಟು ಫ್ರೀ ಇದೆ, ಬಸ್ಸೇ ಇಲ್ಲ.

ಡಿಪೋಗೆ ಹೋಗಿ ಕೇಳಿದೆ. ಟೇಬಲ್ಲಿನ ಹಿಂದೆ ಕೂತವರೊಬ್ಬರು “ನಿಮ್ಮೂರಿಗೆ ಲೋಡ್ ಇಲ್ಲಮ್ಮ” ಎಂದರು.

“ಲೋಡ್ ಅಂದ್ರ ಏನ್ರಿ?”

“ಮಂದಿ. ಬಸ್ ತುಂಬಂಗಿಲ್ಲ.”

“ಬಸ್ ಬಂದ್ರ ಅಲ್ಲೇನ್ರಿ ತುಂಬೋದು?”

ಅವರು ಮುಂದಿನವರನ್ನು ಕರೆದರು.

ನನ್ನ ಗಂಡ ದುರುಗೇಶ. ನನ್ನ ಸೋದರಮಾವನೇ. ನಿಮ್ಮ ಬಸ್ಸಿನ ಮೇಲೆ ಜೋಳದ ಚೀಲ ಏರಿಸುತ್ತಿದ್ದವನು. ಅವನು “ದೀಪಾವಳಿ ತನಕ ನೋಡೂಣು. ಇಲ್ಲಾಂದ್ರ ಬಿಡಸೋದೇ” ಎಂದಿದ್ದಾನೆ. ಬಸ್ಸು ನಮ್ಮೂರಿಗೆ ಮೊದಲು ಹೇಗೆ ಬಂತು, ಯಾರನ್ನು ಕೇಳಿದರೆ ಮತ್ತೆ ಬಂದೀತು? ನಿಮ್ಮನ್ನು ಬಿಟ್ಟರೆ ಕೇಳಲು ನನಗೆ ಯಾರೂ ಗೊತ್ತಿಲ್ಲ.

ನಿಮ್ಮ
ನಾಗವೇಣಿ

*

ಮುದಗಲ್
3 ಜುಲೈ 2024

ನಾಗವೇಣಿಗೆ ಮಕ್ತುಮ್‌ಸಾಬನ ಸಲಾಂ.

ಪಿಂಚಣಿ ಆಫೀಸಿನವರನ್ನು ಬಿಟ್ಟರೆ ನನಗೆ ಕಾಗದ ಬರೆದವರಿಲ್ಲ. ಪೋಸ್ಟ್‌ಮನ್ ನಿನ್ನ ಕವರು ಕೊಟ್ಟಾಗ ಇದು ಬೇರೆಯವರದ್ದು ಎಂದು ವಾಪಸ್ ಕೊಡಲು ಹೋಗಿದ್ದೆ. ಕೋಟೆಯ ಅಗಸಿ ಬಾಗಿಲ ಬಳಿ ಕಲ್ಲಿನ ಮೇಲೆ ಕೂತು ಓದಿದೆ. ಮನೆಗೆ ಬಂದು ಮತ್ತೆ ಓದಿದೆ.

ನೆಗ್ಗಲಿಹಾಳ ಮರೆಯುವ ಊರೇ? ಉಳಿದ ಡ್ರೈವರುಗಳು ವಸ್ತಿ ಎಂದರೆ ಮುಖ ತಿರುಗಿಸುತ್ತಿದ್ದರು. ನಾನೂ ಕಂಡಕ್ಟರ್ ಬಾಲಪ್ಪನೂ ಮಾತ್ರ ನಿಮ್ಮೂರನ್ನು ಕೇಳಿ ಹಾಕಿಸಿಕೊಳ್ಳುತ್ತಿದ್ದೆವು. ಬೇಸಿಗೆಯಲ್ಲಿ ಬಸ್ಸಿನ ಟಾಪಿನ ಮೇಲೆ ಹಾಸಿಗೆ. ಹೊಲದ ಕಡೆಯಿಂದ ಗಾಳಿ. ನಿಮ್ಮಪ್ಪನ ಕುರಿಗಳು ಬಸ್ಸಿನ ಅಡಿಗೆ ಬಂದು ಮಲಗುತ್ತಿದ್ದವು. ಬೆಳಿಗ್ಗೆ ಬಾಲಪ್ಪ ಬಗ್ಗಿ ಬಗ್ಗಿ ಎಲ್ಲವನ್ನೂ ಎಬ್ಬಿಸಿ ಕೈ ಮಾಡಿದ ಮೇಲೆಯೇ ನಾನು ಗಾಡಿ ತೆಗೆಯಬೇಕು. ರಂಜಾನ್ ತಿಂಗಳಲ್ಲಿ ಉಪವಾಸ ಬಿಡುವ ಹೊತ್ತಿಗೆ ಸರಿಯಾಗಿ ಬಸ್ಸು ನಿಮ್ಮ ಹಳ್ಳ ದಾಟುತ್ತಿತ್ತು. ನಿಮ್ಮವ್ವ ಆದೆಮ್ಮ ತಂಬಿಗೆ ನೀರು, ಬೆಲ್ಲದ ಚೂರು ಹಿಡಿದು ಗುಡಿಯ ಮುಂದೆ ನಿಂತಿರುತ್ತಿದ್ದಳು. “ಸಾಬಣ್ಣ, ಮೊದಲ ನೀರು ಕುಡಿ, ಆಮ್ಯಾಲ ಬ್ರೇಕ್ ಹಾಕು” ಎನ್ನುತ್ತಿದ್ದಳು. ಆಕೆ ಈಗ ಹೇಗಿದ್ದಾಳೆ, ನೀನು ಬರೆದಿಲ್ಲ.

ಬಸ್ಸಿನ ಮಾತು. ಲೋಡ್ ಇಲ್ಲ ಎನ್ನುವುದು ಒಂದು ಕಾರಣ. ಬಾಯಿ ಬಿಟ್ಟು ಹೇಳದ ಕಾರಣಗಳೂ ಇರುತ್ತವೆ. ದಾರಿಗೆ ಬಾಗಿದ ಜಾಲಿ ಕನ್ನಡಿ ಒಡೆಯುತ್ತದೆ, ಅದರ ಲೆಕ್ಕ ಡ್ರೈವರ್ ಕೊಡಬೇಕು. ರಾತ್ರಿ ತಂಗಲು ಒಂದು ಕೋಣೆ ಇಲ್ಲ, ಬೆಳಿಗ್ಗೆ ಹೊರಗೆ ಹೋಗಲು ಜಾಗ ಇಲ್ಲ. ನಾವು ತಂಬಿಗೆ ಹಿಡಿದು ಹೋದೆವು, ಈಗಿನವರು ಹೋಗುವುದಿಲ್ಲ, ಹೋಗಲೂಬಾರದು. ಮೊದಲು ಜಾಲಿ ಕಡಿಸು. ಪಂಚಾಯಿತಿಯವರಿಗೆ ಹೇಳಿ ಒಂದು ಕೋಣೆ ಮಾಡಿಸು.

ಉಳಿದದ್ದು ನನಗೆ ಬಿಡು. ಈಗಿನ ಡಿಪೋ ಮ್ಯಾನೇಜರ್ ಶಿವಕಾಂತ ಹೊಸದಾಗಿ ಕೆಲಸಕ್ಕೆ ಬಂದಾಗ ನನ್ನ ಮನೆಯಲ್ಲಿ ಉಂಡವನು. ನಾನು ಹೋಗಿ ಹೇಳಿದರೆ ಇಲ್ಲ ಎನ್ನುವುದಿಲ್ಲ.

ಇನ್ನೊಂದು. ನಿನ್ನ ಎರಡನೇ ವರ್ಷದ ದೀಪಾವಳಿ ಕಳೆದ ಮೇಲೆ ನೀನು ಬಸ್ಸಿಗೆ ಬರುವುದನ್ನು ಬಿಟ್ಟೆ. ಯಾಕೆಂದು ನಾನು ಯಾರನ್ನೂ ಕೇಳಲಿಲ್ಲ. ಬೇರೆಯವರ ಮನೆಯ ಹೆಣ್ಣುಮಗಳ ವಿಷಯ, ಕೇಳುವುದು ನನಗೆ ಸರಿ ಕಾಣಲಿಲ್ಲ. ಇದಕ್ಕೆ ಉತ್ತರ ಬರೆಯಲೇಬೇಕೆಂದಿಲ್ಲ.

ಮಕ್ತುಮ್‌ಸಾಬ್, ನಿವೃತ್ತ ಡ್ರೈವರ್

*

ನೆಗ್ಗಲಿಹಾಳ
21 ಆಗಸ್ಟ್ 2024

ಮಕ್ತುಮ್ ಕಾಕಾ,

ತಡವಾಯಿತು, ಸಿಟ್ಟಾಗಬೇಡಿ. ಅವ್ವ ತೀರಿಕೊಂಡು ಆರು ವರ್ಷವಾಯಿತು. ನಿಮ್ಮ ಕಾಗದದ ಆ ಸಾಲನ್ನು ಅಪ್ಪನಿಗೆ ಓದಿ ಹೇಳಿದೆ. ಅಪ್ಪ “ಮೊದಲ ನೀರು ಕುಡಿ ಅಂತಿದ್ಲು, ಖರೇ” ಎಂದ. ಅಷ್ಟೇ.

ಜಾಲಿ ಕಡಿದೆವು. ಮೊದಲು ನಾವು ಹೆಂಗಸರೇ ಹೋದೆವು. ಗಂಡಸರು ಕಟ್ಟೆಯ ಮೇಲೆ ಕೂತು ನಕ್ಕರು, ಆಮೇಲೆ ಒಬ್ಬೊಬ್ಬರೇ ಕೊಡಲಿ ತಂದರು. ದುರುಗೇಶ ಬರಲಿಲ್ಲ. ಆದರೆ ಮರುದಿನ ನೋಡಿದರೆ ನನ್ನ ಕೊಡಲಿಯನ್ನು ಯಾರೋ ಮಸೆದಿಟ್ಟಿದ್ದರು.

ಮಮತಾ ಊರಿನ ಇನ್ನಿಬ್ಬರು ಹುಡುಗಿಯರ ಜೊತೆ ಸಂತೆಕಲ್ಲೂರಿಗೆ ನಡೆದು ಹೋಗುತ್ತಿದ್ದಾಳೆ. ಮಳೆ ಬಿದ್ದರೆ ಎರೆಮಣ್ಣು ಚಪ್ಪಲಿ ಕಿತ್ತುಕೊಳ್ಳುತ್ತದೆ, ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುತ್ತಾರೆ. ಒಂದು ದಿನ ಹಾಗೆ ಹೋದರೆ ಬಸ್ಸು ಮೊದಲೇ ತುಂಬಿ ಬಂದು ನಿಲ್ಲಲೇ ಇಲ್ಲವಂತೆ. ಮನೆಗೆ ಬಂದವಳು ಅಳಲಿಲ್ಲ. ಪುಸ್ತಕ ಮೇಲಿಟ್ಟು ಕುರಿಗಳಿಗೆ ನೀರು ಕುಡಿಸಲು ಹೋದಳು. ಅತ್ತಿದ್ದರೆ ಚೆನ್ನಾಗಿತ್ತು ಎನಿಸಿತು ನನಗೆ.

ಲಿಂಗಸುಗೂರಿನಲ್ಲಿ ಜನರ ದೂರು ಕೇಳುವ ಸಭೆ ಇತ್ತು. ನಾನೊಬ್ಬಳೇ ಹೋದೆ. ನನ್ನ ಸರದಿ ಬಂದಾಗ ಕೈ ಮುಗಿದು ಹೇಳಿದೆ. ವೇದಿಕೆಯ ಮೇಲಿದ್ದ ಒಬ್ಬ ಅಧಿಕಾರಿ, “ಫ್ರೀ ಮಾಡ್ಯಾರ. ಇನ್ನ ಮನಿ ಬಾಗ್ಲಿಗೆ ತಂದು ನಿಲ್ಲಿಸಬೇಕೇನು?” ಎಂದರು. ಸಭೆಯಲ್ಲಿ ಕೂತವರೆಲ್ಲ ನಕ್ಕರು. ನಾನು ಮುಗಿದ ಕೈ ಇಳಿಸಿ ಹಿಂದೆ ಸರಿದೆ ಕಾಕಾ. ಮನೆಗೆ ಬರುವ ದಾರಿಯುದ್ದಕ್ಕೂ ಹೇಳಬೇಕಾಗಿದ್ದ ಮಾತುಗಳು ಒಂದೊಂದೇ ಹೊಳೆದವು.

ಹೊರಗೆ ಬರುವಾಗ ಒಬ್ಬ ಹೆಣ್ಣುಮಗಳು ಹಿಂದಿನಿಂದ ಬಂದು ಹೆಗಲು ಮುಟ್ಟಿದಳು. ಸಿಂಧನೂರಿನ ವಕೀಲೆ, ದಾನೇಶ್ವರಿ. ಗ್ರಾಹಕರ ಪರವಾಗಿ ಕೇಸು ನಡೆಸುತ್ತಾಳಂತೆ. “ಅಕ್ಕಾ, ಮುಂದಿನ ಸಲ ಕೇಳೋ ಮುಂದ ಕೈ ಮುಗೀಬ್ಯಾಡ್ರಿ. ಕೈ ಮುಗುದ್ರ ಅವರು ಮಾಡೋದು ಉಪಕಾರ ಆಗಿಬಿಡ್ತದ” ಎಂದು ತನ್ನ ನಂಬರ್ ಕೊಟ್ಟಳು. ನನಗೆ ಆಗ ಅದು ಅಷ್ಟು ತಿಳಿಯಲಿಲ್ಲ.

ನೀವು ಕೇಳಿದ್ದಕ್ಕೆ ಉತ್ತರ. ಆ ದೀಪಾವಳಿಯಲ್ಲಿ ಅಜ್ಜಿ ಹಾಸಿಗೆ ಹಿಡಿದಳು. ಕಣ್ಣು ಮುಚ್ಚುವುದರೊಳಗೆ ನನ್ನ ಮದುವೆ ನೋಡಬೇಕೆಂದಳು. ಮಾವ ದುರುಗೇಶ ಮನೆಯಲ್ಲೇ ಇದ್ದ. ಮದುವೆ ಗೊತ್ತಾದ ಹುಡುಗಿ ಬಸ್ಸಿನಲ್ಲಿ ಓಡಾಡುವುದು ಬೇಡ ಎಂದರು, ನಾನು ಒಳಗೆ ಕೂತೆ. ಬೆಳಿಗ್ಗೆ ನೀವು ಗುಡಿಯ ಮುಂದೆ ಹಾರ್ನ್ ಹೊಡೆಯುತ್ತಿದ್ದಿರಿ. ಒಮ್ಮೆ ಹೊಡೆದು, ತಡೆದು, ಮತ್ತೊಮ್ಮೆ. ಅದು ನನ್ನನ್ನೇ ಕರೆಯುವುದು ಎಂದು ಒಲೆಯ ಮುಂದೆ ಕೂತ ನನಗೆ ಗೊತ್ತಿತ್ತು. ಅವ್ವನಿಗೂ ಗೊತ್ತಿತ್ತು, ಅವಳು ನನ್ನ ಮುಖ ನೋಡುತ್ತಿರಲಿಲ್ಲ. ಕೆಲವು ದಿನ ಹೀಗೆ ನಡೆಯಿತು. ಆಮೇಲೆ ಒಂದು ಬೆಳಿಗ್ಗೆ ಬಸ್ಸು ಹಾರ್ನ್ ಇಲ್ಲದೆ ಹೋಯಿತು. ನನ್ನ ಕಾಲೇಜು ಮುಗಿಯಿತೆಂದು ಅರ್ಥವಾದದ್ದು ಅವತ್ತು.

ದುರುಗೇಶ ಕೆಟ್ಟವನಲ್ಲ. ಇದನ್ನು ಬರೆಯದಿದ್ದರೆ ತಪ್ಪಾದೀತು.

ನಿಮ್ಮ
ನಾಗವೇಣಿ

*

ಮುದಗಲ್
9 ಸೆಪ್ಟೆಂಬರ್ 2024

ನಾಗವೇಣಿ,

ಕೆಲಸ ಆಯಿತು. ಶಿವಕಾಂತ ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಚಹಾ ತರಿಸಿದ. ನನಗೆ ಕೇಳುವುದಿಲ್ಲ ಎಂದು ಕಾಗದದ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದ: “ಉಸ್ತಾದ್, ನಿಮ್ಮ ಸಲುವಾಗಿ ಬಿಡ್ತೀನಿ. ಸೋಮವಾರದಿಂದ.” ಡಿಪೋದ ಹುಡುಗರೆಲ್ಲ ನನ್ನನ್ನು ಸುತ್ತುವರಿದು ನಿಂತಿದ್ದರು. ಬಹಳ ದಿನಗಳ ಮೇಲೆ ಡೀಸೆಲ್ ವಾಸನೆ ಕುಡಿದು ಬಂದೆ. ವರ್ಕ್‌ಶಾಪಿನ ಬೇವಿನ ಮರ ಹಾಗೇ ಇದೆ.

ಮಮತಾಳಿಗೆ ಹೇಳು, ಮುಂದಿನ ಬಾಗಿಲಿನ ಹಿಂದಿನ ಕಿಟಕಿ ಸೀಟು. ಬಿಸಿಲು ಬೀಳುವುದಿಲ್ಲ. ನಿನ್ನ ಸೀಟು ಅದೇ ಇತ್ತು.

ಆದೆಮ್ಮನ ಸುದ್ದಿ ಓದಿದೆ. ಶುಕ್ರವಾರ ಆಕೆಗಾಗಿ ದುವಾ ಕೇಳಿದೆ. ಹಾರ್ನಿನ ಮಾತನ್ನೂ ಓದಿದೆ. ನಿನಗೆ ಕೇಳಿಸುತ್ತಿತ್ತಲ್ಲ, ಅಷ್ಟು ಸಾಕು.

ಮಕ್ತುಮ್‌ಸಾಬ್

*

ನೆಗ್ಗಲಿಹಾಳ
25 ಅಕ್ಟೋಬರ್ 2024

ಕಾಕಾ,

ನಿಮಗೆ ಹೇಗೆ ಬರೆಯಬೇಕೋ ತಿಳಿಯದೆ ಎರಡು ಸಲ ಬರೆದು ಹರಿದಿದ್ದೇನೆ.

ಬಸ್ಸು ಬಂತು. ಆ ಸೋಮವಾರ ಊರಿಗೆ ಊರೇ ಗುಡಿಯ ಮುಂದೆ ನಿಂತಿತ್ತು. ಆರತಿ ಎತ್ತಿದೆವು, ಕಾಯಿ ಒಡೆದೆವು. ಅಪ್ಪ ಕೋಲು ಊರಿಕೊಂಡು ಬಂದು ಬಸ್ಸಿನ ಮೈ ಸವರಿ ನೋಡಿದ. ಮಮತಾ ನೀವು ಹೇಳಿದ ಸೀಟಿನಲ್ಲಿ ಕೂತಳು. ಊರಲ್ಲಿ ಎಲ್ಲರ ಬಾಯಲ್ಲೂ ನಿಮ್ಮ ಹೆಸರು. ನನಗೂ ನಾನೇ ಮತ್ತೆ ಕಾಲೇಜಿಗೆ ಹೊರಟ ಹಾಗಿತ್ತು.

ದಸರಾ ರಜೆ ಮುಗಿದ ಮೇಲೆ ಬಸ್ಸು ಬರಲಿಲ್ಲ. ಕೆಟ್ಟಿರಬೇಕೆಂದು ಕಾದೆವು. ಆಮೇಲೆ ಡಿಪೋಗೆ ಹೋದೆ. ಶಿವಕಾಂತರಿಗೆ ವರ್ಗವಾಗಿದೆ. ಹೊಸಬರು ಹೇಳಿದ್ದು ಇಷ್ಟು: “ಅವರು ಬಾಯಿಮಾತಿನ್ಯಾಗ ಬಿಟ್ಟಿದ್ರು. ರೂಟ್ ಮಂಜೂರಾಗಿಲ್ಲ. ಯಾರದೋ ಪರಿಚಯಕ್ಕ ಬಸ್ ಓಡಸಾಕ ಆಗಂಗಿಲ್ರಿ.” ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಅವರು ಹೇಳಿದ್ದು ಸರಿ ಎನಿಸಿತು. ಅದಕ್ಕೇ ಹೆಚ್ಚು ಸಂಕಟವಾಯಿತು.

ಮಮತಾ ಈಗ ಮನೆಯಲ್ಲಿದ್ದಾಳೆ. ಜೊತೆಗೆ ನಡೆಯುತ್ತಿದ್ದ ಇಬ್ಬರು ಹುಡುಗಿಯರೂ ಕಾಲೇಜು ಬಿಟ್ಟರು, ಇವಳೊಬ್ಬಳನ್ನೇ ಆ ದಾರಿಯಲ್ಲಿ ಕಳಿಸಲು ನನಗೂ ಧೈರ್ಯವಿಲ್ಲ. ವಳಕಮದಿನ್ನಿಯಿಂದ ಒಂದು ಸಂಬಂಧ ಬಂದಿದೆ. ಕಾಲುವೆ ನೀರಿನ ಗದ್ದೆ, ಒಳ್ಳೆಯ ಜನ. “ಈಗ ಮಾತು ಮುಗಿಸಿಟ್ಟು ವಯಸ್ಸು ತುಂಬಿದ ಮ್ಯಾಲೆ ಮಾಡೂಣು” ಎನ್ನುತ್ತಿದ್ದಾರೆ. ದುರುಗೇಶ ಬೇಡ ಎಂದಿಲ್ಲ, ಹೂಂ ಎಂದೂ ಇಲ್ಲ. ಹೊರಗೆ ಕೂತು ಬೀಡಿ ಸೇದುತ್ತಾನೆ. ಮಮತಾ ಒಲೆಯ ಮುಂದೆ ಕೂತದ್ದನ್ನು ನೋಡಲಾಗದೆ ನಾನು ಹೊಲಿಗೆ ಯಂತ್ರವನ್ನು ಹೊರಗೆ ಇಟ್ಟುಕೊಂಡಿದ್ದೇನೆ.

ಕಾಕಾ, ನೀವು ಮತ್ತೆ ಹೋಗಿ ಹೊಸ ಸಾಹೇಬರನ್ನು ಕೇಳಬೇಡಿ. ಇದನ್ನು ಹೇಳಲಿಕ್ಕೇ ಇಷ್ಟು ಕಷ್ಟಪಟ್ಟು ಬರೆಯುತ್ತಿರುವುದು. ಆಗಲೂ ನಾನು ಓದಿದ್ದು ನೀವು ಒಳ್ಳೆಯವರಾಗಿದ್ದಿರಿ ಎಂಬ ಒಂದೇ ಕಾರಣಕ್ಕೆ. ನೀವು ರಜೆ ಹಾಕಿದ ದಿನ, ಬೇರೆ ಡ್ರೈವರ್ ಬಂದ ದಿನ, ಅಪ್ಪ ನನ್ನನ್ನು ಕಳಿಸುತ್ತಿರಲಿಲ್ಲ. ಅದು ನಿಮಗೆ ಗೊತ್ತಿರಲಿಲ್ಲ. ನಾನು ಆ ದಿನಗಳನ್ನು ಎಷ್ಟು ಪ್ರೀತಿಯಿಂದ ನೆನೆಸಿಕೊಳ್ಳುತ್ತೇನೆಂದು ನಿಮಗೆ ಬರೆದು ತೋರಿಸಲಾರೆ. ಆದರೆ ನನ್ನ ಮಗಳ ಓದು ಒಬ್ಬರ ಒಳ್ಳೆಯತನದ ಮೇಲೆ ನಿಲ್ಲುವುದು ಬೇಡ. ಸಿಡುಕಿನ ಡ್ರೈವರೇ ಬರಲಿ, ನಮ್ಮ ಹೆಸರು ಗೊತ್ತಿಲ್ಲದವನೇ ಬರಲಿ. ಬಸ್ಸು ಬರಲಿ. ನೀರು, ದೀಪ, ಆಸ್ಪತ್ರೆ ಇದ್ದ ಹಾಗೆ ಇದೂ ನಮಗೆ ಸೇರಬೇಕಾದದ್ದು. ದಾನೇಶ್ವರಿಯ ಮಾತು ಈಗ ತಿಳಿಯಿತು.

ನಿಮ್ಮ ಮನಸ್ಸಿಗೆ ನೋವಾದರೆ ಬೈಯಿರಿ. ಸುಮ್ಮನಿರಬೇಡಿ.

ನಾಗವೇಣಿ

*

ಮುದಗಲ್
12 ನವೆಂಬರ್ 2024

ನಾಗವೇಣಿ,

ನೋವಾಯಿತು. ಇಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ನನ್ನ ಹೆಂಡತಿ ಬಿಬಿಜಾನ್ “ಯಾಕ ಉಣವಲ್ರಿ?” ಎಂದು ಕೈಸನ್ನೆ ಮಾಡಿ ಕೇಳಿದಳು. ನಿನ್ನ ಕಾಗದವನ್ನು ಅವಳ ಮುಂದಿಟ್ಟೆ. ಅವಳು ಓದಿದಳು, ಮಡಿಸಿದಳು, ಮತ್ತೆ ನನ್ನ ಮುಂದೆಯೇ ಇಟ್ಟಳು.

ಈಗ ನನ್ನ ವಿಷಯ ಸ್ವಲ್ಪ ಕೇಳು. ಮುದಗಲ್ ಬಸ್ ನಿಲ್ದಾಣದಲ್ಲಿ ಬಸ್ಸಿನ ಹೆಸರು ಕೂಗುತ್ತಾರೆ. ನನಗೆ ಕೇಳುವುದಿಲ್ಲ. ಬೋರ್ಡು ಓದುವುದರೊಳಗೆ ಬಸ್ಸು ಹೊರಟಿರುತ್ತದೆ. ಹೋದ ವರ್ಷ ಕಿವಿಯ ಡಾಕ್ಟರ ಹತ್ತಿರ ಹೋಗಬೇಕಾಗಿತ್ತು, ಕಣ್ಣ ಮುಂದೆ ಬಸ್ಸು ಹೋಯಿತು. ಕೈ ಮಾಡಿದೆ, ಓಡಿದೆ. ಡ್ರೈವರ್ ನನ್ನನ್ನು ನೋಡಿದ, ನಿಲ್ಲಿಸಲಿಲ್ಲ. ಅವನಿಗೆ ಅವನ ವೇಳೆ. ನಾನೂ ಎಷ್ಟು ಊರುಗಳಲ್ಲಿ ಹಾಗೆ ಹೋಗಿದ್ದೇನೋ. ನೆಗ್ಗಲಿಹಾಳದಲ್ಲಿ ನಿಂತೆ, ಏಕೆಂದರೆ ಅಲ್ಲಿ ನನಗೆ ಮಜ್ಜಿಗೆ ಇತ್ತು, ಮಾತು ಇತ್ತು. ಸ್ಟೇರಿಂಗ್ ಹಿಡಿದಾಗ ನಾನು ಕೊಡುವವನು ಎಂದುಕೊಂಡಿದ್ದೆ. ಕೆಳಗೆ ನಿಂತ ಮೇಲೆ ಬೇರೆ ಕಾಣುತ್ತದೆ. ನೀನು ಬರೆದದ್ದು ಸರಿ.

ಡಿಪೋಗೆ ನಾನು ಹೋಗುವುದಿಲ್ಲ. ಆದರೆ ಒಂದು ಮಾತು ಹೇಳುತ್ತೇನೆ, ಅದನ್ನು ಉಪಕಾರ ಎಂದು ತಿಳಿಯಬೇಡ. ನಿಮ್ಮ ಬಸ್ಸು ನಿಮ್ಮ ಹಕ್ಕಿನಿಂದ ಬರುವವರೆಗೆ ಮಮತಾ ಕಾಲೇಜು ತಪ್ಪಿಸಬಾರದು. ನಜಮಾಳ ಮನೆ ಲಿಂಗಸುಗೂರಿನಲ್ಲಿ ಕಾಲೇಜಿನ ಹಿಂದಿನ ಓಣಿಯಲ್ಲಿದೆ. ಅವಳಿಗೂ ಒಬ್ಬ ಮಗಳಿದ್ದಾಳೆ, ಅದೇ ವಯಸ್ಸು. ಹುಡುಗಿ ಅಲ್ಲಿರಲಿ. ನಜಮಾ ತಾನೇ ಹೇಳಿದಳು, ನಾನು ಹೇಳಿಕೊಟ್ಟಿಲ್ಲ. ಊರಿನವರು ಏನಾದರೂ ಅಂದಾರು ಎಂಬುದು ನನಗೂ ಗೊತ್ತು. ದುರುಗೇಶನನ್ನು ಕೇಳು. ಒಲ್ಲೆ ಎಂದರೆ ನಾನು ತಪ್ಪು ತಿಳಿಯುವುದಿಲ್ಲ.

ಮಕ್ತುಮ್‌ಸಾಬ್

*

ನೆಗ್ಗಲಿಹಾಳ
28 ಜನವರಿ 2025

ಮಕ್ತುಮ್ ಕಾಕಾ,

ದುರುಗೇಶ ಮಮತಾಳನ್ನು ಕರೆದುಕೊಂಡು ನಜಮಾಳ ಮನೆಗೆ ಹೋದ ದಿನವೇ ನಜಮಾ ನಿಮಗೆ ಹೇಳಿರಬೇಕು. ಇಲ್ಲಿ ನಡೆದದ್ದು ನಿಮಗೆ ಗೊತ್ತಿಲ್ಲ. ನಾನು ನಿಮ್ಮ ಕಾಗದ ಓದಿ ಹೇಳಿ ಮುಗಿಸಿದಾಗ ದುರುಗೇಶ ಎದ್ದು ಹೊರಗೆ ಹೋದ. ಆಯಿತು, ಇಷ್ಟೇ ಎಂದುಕೊಂಡೆ. ಸಂಜೆ ನೋಡಿದರೆ ನೆಲದ ಹಗೇವಿನಿಂದ ಜೋಳ ತೆಗೆದು ಹಸನು ಮಾಡುತ್ತಿದ್ದ. “ಮಂದಿ ಮನಿಗೆ ಹುಡುಗೀನ ಬರಿಗೈಲಿ ಕಳಿಸಾಕ ಆಗ್ತದೇನು?” ಎಂದ. ವಳಕಮದಿನ್ನಿಯವರಿಗೆ ಫೋನ್ ಮಾಡಿ ಹುಡುಗಿ ಓದುತ್ತಾಳೆ ಎಂದು ಹೇಳಿದವನೂ ಅವನೇ. ಆ ರಾತ್ರಿ ನನಗೆ ಒಂದು ಮಾತು ಹೇಳಿದ: “ಆಗ ಹಾರ್ನ್ ನನಗೂ ಕೇಳಸ್ತಿತ್ತು, ನಾಗಿ.” ಇಷ್ಟು ವರ್ಷ ನಾವಿಬ್ಬರೂ ಈ ಮಾತನ್ನು ಎತ್ತಿರಲಿಲ್ಲ.

ಊರಲ್ಲಿ ಆಡಿಕೊಂಡರು. ಆಡಿಕೊಳ್ಳಲಿ.

ಇನ್ನು ಬಸ್ಸು. ದಾನೇಶ್ವರಿ ಊರಿಗೆ ಬಂದು ಹೆಂಗಸರನ್ನೆಲ್ಲ ಕೂರಿಸಿ ಮಾತಾಡಿದಳು. ಬಸ್ಸು ಯಾಕೆ ನಿಂತಿತು, ಯಾರು ನಿಲ್ಲಿಸಿದರು ಎಂದು ಬರವಣಿಗೆಯಲ್ಲಿ ಕೇಳಿದೆವು. ಡಿಸೆಂಬರ್ ಸಭೆಗೆ ಎರಡು ಟ್ರ್ಯಾಕ್ಟರ್ ತುಂಬ ಹೋದೆವು. ಪಕ್ಕದ ದೊಡ್ಡಿಯವರೂ ತಾಂಡಾದವರೂ ಬಂದರು. ಅಪ್ಪನೂ ಬಂದ. ಅದೇ ಅಧಿಕಾರಿ ಇದ್ದರು, ಅದೇ ಮಾತು: “ಫ್ರೀ ಅದ ಅಂತ ಎಲ್ಲಾರೂ ಬಸ್ ಕೇಳಾಕತ್ತೀರಿ.”

ಈ ಸಲ ನಾನು ಕೈ ಮುಗಿಯಲಿಲ್ಲ. “ಸಾಹೇಬ್ರ, ನಾವು ಬಿಟ್ಟಿ ಕೇಳಾಕತ್ತಿಲ್ರಿ. ನಮ್ಮ ಟಿಕೆಟಿನ ರೊಕ್ಕ ಸರ್ಕಾರ ಕೊಡ್ತದ. ಸರ್ಕಾರಕ್ಕ ಅದು ಎಲ್ಲಿಂದ ಬರ್ತದ? ನಾ ದಾರ ಕೊಂಡ್ರೂ ತೆರಿಗಿ ಕಟ್ಟೀನಿ, ಉಪ್ಪಿನ ಪುಡಿಕಿ ಬಿಟ್ಟು ಎಲ್ಲಕ್ಕೂ ಕಟ್ಟೀನಿ. ನಮ್ಮ ಗಂಡಸ್ರು ಟಿಕೆಟ್ ತಗೋತಾರ. ಹಂಗಿದ್ದ ಮ್ಯಾಲೆ ನಮ್ಮೂರಿಗೆ ಯಾಕ ಬಸ್ ಇಲ್ಲ? ಅದನ್ನಷ್ಟು ಹೇಳ್ರಿ, ಹೋಗ್ತೀವಿ” ಎಂದೆ. ಯಾರೂ ನಗಲಿಲ್ಲ. ಹಿಂದೆ ಕೂತಿದ್ದ ಅಪ್ಪ ಎದ್ದು ನಿಂತ. ಅವನು ಮಾತಾಡುತ್ತಾನೆ ಎಂದುಕೊಂಡರು. ಅವನು ಸುಮ್ಮನೆ ನಿಂತಿದ್ದ, ಸಭೆ ಮುಗಿಯುವವರೆಗೂ ಕೂರಲಿಲ್ಲ.

ಆಮೇಲೆ ಡಿಪೋದವರು ಬಂದು ದಾರಿ ನೋಡಿದರು, ಎಷ್ಟು ಜನ ಹೋಗಿಬರುತ್ತಾರೆ ಎಂದು ವಿಚಾರಿಸಿದರು. ಪಂಚಾಯಿತಿಯವರು ಹಳೆಯ ಶಾಲೆಯ ಕೋಣೆಗೆ ಸುಣ್ಣ ಹೊಡೆಸಿ, ಹಿಂದೆ ಪಾಯಖಾನೆ ಕಟ್ಟಿಸಿ, ನಲ್ಲಿ ಹಾಕಿಸಿದರು. ಇದನ್ನು ನಾನು ಬಿಡಲಿಲ್ಲ. ನೀವು ಬರೆದಿದ್ದಿರಲ್ಲ, ಈಗಿನವರು ತಂಬಿಗೆ ಹಿಡಿದು ಹೋಗಬಾರದು ಎಂದು. ಸಂಕ್ರಾಂತಿ ಕಳೆದು ರೂಟ್ ಮಂಜೂರಾಯಿತು. ಹೋದ ವಾರದಿಂದ ಬಸ್ಸು ಬರುತ್ತಿದೆ. ಮಮತಾ ಮನೆಯಲ್ಲಿದ್ದಾಳೆ, ದಿನಾ ಹೋಗಿಬರುತ್ತಾಳೆ. ನಜಮಾಳ ಮಗಳನ್ನು ನೆನೆಸಿ ನೆನೆಸಿ ನನ್ನ ಅಡುಗೆಗೆ ಹೆಸರಿಡುತ್ತಾಳೆ. ಜೊತೆಯ ಹುಡುಗಿಯರಲ್ಲಿ ಒಬ್ಬಳು ವಾಪಸ್ ಸೇರಿದಳು. ಇನ್ನೊಬ್ಬಳಿಗೆ ತಡವಾಗಿತ್ತು, ಮದುವೆ ಗೊತ್ತಾಗಿಬಿಟ್ಟಿತ್ತು.

ಡ್ರೈವರ್ ಸಣ್ಣ ವಯಸ್ಸಿನವನು. ಮಾತು ಕಡಿಮೆ. ಮೊದಲ ದಿನ ರೊಟ್ಟಿ, ಪುಂಡಿಪಲ್ಯ ಒಯ್ದುಕೊಟ್ಟೆ. “ಬ್ಯಾಡ್ರಿ, ಡಬ್ಬಿ ತಂದೀನಿ” ಎಂದು ಬಾಗಿಲು ಹಾಕಿಕೊಂಡ. ನಮ್ಮ ಹೆಸರು ಕೇಳಲಿಲ್ಲ. ಬೆಳಿಗ್ಗೆ ವೇಳೆಗೆ ಸರಿಯಾಗಿ ಹೊರಟ, ಯಾರಿಗೂ ಕಾಯಲಿಲ್ಲ. ನಾನು ಕೇಳಿದ್ದು ಇದೇ ಬಸ್ಸನ್ನು. ಸಂತೋಷವಾಗಿದ್ದೇನೆ. ಆದರೂ ಆ ರೊಟ್ಟಿಯನ್ನು ಮನೆಗೆ ವಾಪಸ್ ತರುವಾಗ ಅವ್ವನ ನೆನಪಾಗಿ ದಾರಿ ಮಸುಕಾಯಿತು. ಇದನ್ನು ನಿಮಗೆ ಬಿಟ್ಟು ಬೇರೆ ಯಾರಿಗೆ ಬರೆಯಲಿ?

ಒಮ್ಮೆ ಬನ್ನಿ. ಕರೆಯಲು ಯಾರೂ ಬರುವುದಿಲ್ಲ, ಬಸ್ಸಿದೆ.

ನಿಮ್ಮ
ನಾಗವೇಣಿ

*

ಮುದಗಲ್
20 ಫೆಬ್ರುವರಿ 2025

ನಾಗವೇಣಿಗೆ, ಮಾಳಿಂಗಣ್ಣನಿಗೆ, ದುರುಗೇಶನಿಗೆ, ಮಮತಾಳಿಗೆ ಮಕ್ತುಮ್‌ಸಾಬನ ಸಲಾಂ.

ಸುಖವಾಗಿ ಮನೆ ಮುಟ್ಟಿದೆ. ನೀನು ಕಟ್ಟಿಕೊಟ್ಟ ಸಜ್ಜೆ ರೊಟ್ಟಿಯನ್ನು ಬಿಬಿಜಾನ್ ನನಗೆ ಅರ್ಧವೇ ಕೊಟ್ಟಳು, ಉಳಿದದ್ದು ತಾನೇ ತಿಂದಳು.

ನಿಮ್ಮ ಮನೆಯಲ್ಲಿ ಕೂತಾಗ ಎಲ್ಲರೂ ನನ್ನ ಕಿವಿಯ ಹತ್ತಿರ ಬಂದು ಕೂಗಿ ಮಾತಾಡಿದಿರಿ. ನನಗೆ ಅರ್ಧ ಕೇಳಿತು, ಅರ್ಧಕ್ಕೆ ತಲೆಯಾಡಿಸಿದೆ. ಮಾಳಿಂಗಣ್ಣ ಒಬ್ಬನೇ ಕೂಗಲಿಲ್ಲ. ಕಟ್ಟೆಯ ಮೇಲೆ ನನ್ನ ಪಕ್ಕ ಕೂತು, ಕೈ ಹಿಡಿದು, ಕತ್ತಲಾಗುವವರೆಗೂ ಬಿಡಲಿಲ್ಲ. ಏನೂ ಹೇಳಲಿಲ್ಲ. ನನಗೆ ಎಲ್ಲ ಕೇಳಿತು.

ನಿಮ್ಮೂರಿಗೆ ಬರುವಾಗ ಲಿಂಗಸುಗೂರಿನಿಂದ ಮಮತಾ ಜೊತೆಗಿದ್ದಳು. ಕಿಟಕಿಯ ಸೀಟು ನನಗೆ ಬಿಟ್ಟುಕೊಟ್ಟಳು. ಆ ಡ್ರೈವರ್ ಹುಡುಗನನ್ನು ದಾರಿಯುದ್ದಕ್ಕೂ ನೋಡಿದೆ. ಹಳ್ಳದ ಇಳಿಜಾರಿನಲ್ಲಿ ಅವಸರ ಮಾಡುವುದಿಲ್ಲ. ಗೇರ್ ಮೆತ್ತಗೆ ಹಾಕುತ್ತಾನೆ. ಮುದುಕಿಯೊಬ್ಬಳು ಇಳಿದು ಕಾಲು ಊರುವವರೆಗೆ ಬ್ರೇಕಿನ ಮೇಲಿನ ಕಾಲು ತೆಗೆಯಲಿಲ್ಲ. ಒಳ್ಳೆಯ ಡ್ರೈವರ್. ರೊಟ್ಟಿ ತಿನ್ನದಿದ್ದರೆ ಬಿಡು.

ಇದನ್ನೆಲ್ಲ ಅಲ್ಲೇ ಹೇಳಬಹುದಿತ್ತು. ಹೇಳಲಾಗದ್ದು ಬೇರೆ ಇದೆ, ಅದಕ್ಕೇ ಬರೆಯುತ್ತಿದ್ದೇನೆ.

ಮರುದಿನ ಬೆಳಿಗ್ಗೆ ಮುಂದಿನ ಸೀಟುಗಳು ತುಂಬಿದ್ದವು. ನಾನು ಹಿಂದಿನ ಉದ್ದನೆಯ ಸೀಟಿನಲ್ಲಿ ಕೂತೆ. ಬಸ್ಸು ಹೊರಟಿತು. ಹಿಂದಿನ ಗಾಜಿನಲ್ಲಿ ನೋಡಿದೆ. ಇಷ್ಟು ವರ್ಷ ಆ ಊರಿನಿಂದ ಬಸ್ಸು ತೆಗೆದವನು ನಾನು, ನನ್ನ ಮುಖ ಯಾವಾಗಲೂ ಮುಂದಕ್ಕೆ. ಕನ್ನಡಿಯಲ್ಲಿ ಕಾಣುತ್ತಿದ್ದದ್ದು ಧೂಳು. ಬಸ್ಸು ಹೊರಟ ಮೇಲೆ ಜನ ಮನೆಗೆ ಹೋಗುತ್ತಾರೆ ಎಂದೇ ತಿಳಿದಿದ್ದೆ.

ಹೋಗುವುದಿಲ್ಲ. ಯಾರೂ ಕದಲಲಿಲ್ಲ. ಗುಡಿಯ ಮುಂದೆ ಒಬ್ಬಳು ಹೆಣ್ಣುಮಗಳು ಖಾಲಿ ಕೊಡ ಹಿಡಿದು ನಿಂತಿದ್ದಳು, ನೀರಿಗೆ ಹೋಗುವುದನ್ನು ಮರೆತು. ದುರುಗೇಶ ಟವೆಲನ್ನು ಹೆಗಲಿನಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ. ಮಾಳಿಂಗಣ್ಣ ಹಣೆಗೆ ಕೈ ಅಡ್ಡ ಹಿಡಿದಿದ್ದ. ಅವನಿಗೆ ಅಷ್ಟು ದೂರ ಕಾಣುವುದಿಲ್ಲ ಎಂದು ನನಗೆ ಗೊತ್ತು, ಆದರೂ ನೋಡುತ್ತಿದ್ದ. ನೀನು ಎಲ್ಲರಿಗಿಂತ ಮುಂದೆ, ದಾರಿಯ ನಡುವೆ ಬಂದು ನಿಂತಿದ್ದೆ. ಕೈ ಎತ್ತಿದವಳು ಇಳಿಸಿರಲಿಲ್ಲ. ಮಮತಾ ಆಗಲೇ ಪುಸ್ತಕ ತೆರೆದು ಕೂತಿದ್ದಳು, ಹಿಂದಿರುಗಿ ನೋಡಲೂ ಇಲ್ಲ. ಅವಳು ನೋಡದೆ ಇದ್ದದ್ದು ನನಗೆ ಸಮಾಧಾನವಾಯಿತು.

ತಿರುವು ಬಂತು, ಬೇಲಿ ಅಡ್ಡವಾಯಿತು. ಅಲ್ಲಿಯವರೆಗೂ ನಾನು ನಿಮ್ಮನ್ನೆಲ್ಲ ನೋಡಿದೆ.

ಮಕ್ತುಮ್‌ಸಾಬ್, ಪ್ರಯಾಣಿಕ